ರೆಕ್ಕೆ ಉಲ್ಟಾ ಹೊಡೆದಾಗ

"ಬಾಲದ ಮೇಲೆ ನಿಲ್ಲೋ ವಿಮಾನ ಮಾಡಿದವರ ತಲೆ ನೆಟ್ಟಗಿತ್ತೇನಯ್ಯಾ?" ಅಂತ ಸೀನ ಶುರು ಹಚ್ಚಿಕೊಂಡ.

"ತಲೆ ನೆಟ್ಟಗೇ ಇತ್ತು, ತೊಂದರೆಯೆಲ್ಲ ಕತ್ತಿನದು," ಅಂದ ಮೂರ್ತಿ. "ಕಾನ್‌ವೇರ್ ಪೋಗೋ, 1954. ಅಮೆರಿಕದ ನೌಕಾಪಡೆಗೆ ಸಣ್ಣ ಹಡಗಿನಿಂದಲೇ ಏರೋ ಫೈಟರ್ ಬೇಕಿತ್ತು, ರನ್‌ವೇಗೆ ಜಾಗ ಇಲ್ಲ. ಸರಿ, ಮೂತಿ ಆಕಾಶಕ್ಕೆ ಮಾಡಿ ನಿಲ್ಲಿಸಿದರು. ರೆಕ್ಕೆ, ಬಾಲದ ತುದಿಗಳಲ್ಲಿ ನಾಲ್ಕು ಪುಟ್ಟ ಚಕ್ರ. ಮೂತಿಯಲ್ಲಿ ವಿರುದ್ಧ ದಿಕ್ಕಿಗೆ ತಿರುಗೋ ಎರಡು ಪ್ರೊಪೆಲರ್. ಒಂದೇ ಇದ್ದಿದ್ದರೆ ವಿಮಾನವೇ ಬುಗುರಿ ಆಗ್ತಿತ್ತು."

"ಹಾರಿತೋ?"

"ಓಹೋ! ನವೆಂಬರ್ 2ಕ್ಕೆ ನೆಟ್ಟಗೆ ಏರಿ, ಅಡ್ಡಲಾಗಿ ಹಾರಿ, ಮತ್ತೆ ನೆಟ್ಟಗಾಗಿ ಇಳಿಯಿತು. ಆ ಇಳಿಯೋದಿದೆಯಲ್ಲ, ಅದೇ ಪ್ರಾಣಸಂಕಟ. ಪೈಲಟ್ ಅಂಗಾತ ಬಿದ್ದುಕೊಂಡು, ಭುಜದ ಮೇಲಿಂದ ಹಿಂದಕ್ಕೆ ಕತ್ತು ತಿರುಚಿ ನೆಲ ನೋಡುತ್ತಾ ಥ್ರಾಟಲ್ ಆಡಿಸಬೇಕು. ನೆಲ ಎಷ್ಟು ಬೇಗ ಹತ್ತಿರ ಬರ್ತಿದೆ ಅನ್ನೋದು ಆ ಓರೆಗಣ್ಣಿಗೆ ತಿಳಿಯೋಲ್ಲ. ಸೀಟು 45 ಡಿಗ್ರಿ ಮುಂದಕ್ಕೆ ಬಾಗೋ ಹಾಗೆ ಮಾಡಿಕೊಟ್ಟರು, ಆದರೆ ಕಣ್ಣು ಇರೋದು ಮುಖದಲ್ಲೇ ತಾನೆ? ಅದೂ ನೆಲದ ಮೇಲಿನ ಮಾತು. ಹೊಯ್ದಾಡೋ ಹಡಗಿನ ಮೇಲೆ ಯಾರು ಇಳಿಸ್ತಾರೆ?"

"ರಿವರ್ಸ್ ಗೇರಲ್ಲಿ ಮಹಡಿಯಿಂದ ಇಳಿದ ಹಾಗೆ," ಅಂದ ವಿಜಿ.

"ಅದರ ಎಂಜಿನ್ನೂ ಕಿತಾಪತಿದೇ. ಆಲಿಸನ್ ಟಿ-40. ಎರಡು ಟರ್ಬೈನಿಗೆ ಒಂದೇ ಗೇರ್‌ಬಾಕ್ಸ್ ಗಂಟು ಹಾಕಿದ್ದು. ಅದನ್ನೇ ಎಕ್ಸ್‌ಎಫ್-84ಎಚ್ ಅನ್ನೋ ಇನ್ನೊಂದು ಪ್ರಯೋಗದ ವಿಮಾನಕ್ಕೆ ಹಾಕಿ, 12 ಅಡಿಯ ಪ್ರೊಪೆಲರ್ ಕೂರಿಸಿದರು. ಅದು ತಿರುಗೋ ವೇಗ ಬದಲಾಗೋದೇ ಇಲ್ಲ, ಅಲಗಿನ ಕೋನ ಮಾತ್ರ ಬದಲಾಗುತ್ತೆ. ಹಾಗಾಗಿ ವಿಮಾನ ನಿಂತಲ್ಲೇ ನಿಂತಿದ್ದರೂ ಅಲಗಿನ ತುದಿ ಶಬ್ದಕ್ಕಿಂತ ವೇಗವಾಗಿ ತಿರುಗ್ತಿತ್ತು. ಆರ್ಭಟ 40 ಕಿಲೋಮೀಟರ್ ಆಚೆಗೆ ಕೇಳಿಸ್ತಿತ್ತಂತೆ, ಪಕ್ಕದಲ್ಲಿದ್ದ ಮೆಕ್ಯಾನಿಕ್‌ಗಳಿಗೆ ವಾಕರಿಕೆ. 12 ಸಲ ಹಾರಿದ್ದು, ಬಹುಪಾಲು ಸಲ ತುರ್ತಾಗಿ ಇಳಿದದ್ದು."

"ಹಾರೋ ತಟ್ಟೆಯದು ಹೇಳು," ಅಂದ ವಿಜಿ.

"ಕೆನಡಾದ ಆವ್ರೋಕಾರ್. ದುಡ್ಡು ಅಮೆರಿಕದ ಸೇನೆಯದು. 18 ಅಡಿ ಅಗಲದ ತಟ್ಟೆ, ನಡುವೆ 5 ಅಡಿಯ ರೋಟರ್. ಅದನ್ನ ತಿರುಗಿಸೋಕೆ ಮೂರು ಜೆಟ್. ರೋಟರ್ ಮೇಲಿಂದ ಎಳೆದ ಗಾಳಿ ಅಂಚಿನ ಸುತ್ತ ಕೆಳಕ್ಕೆ ಹೊಡೆಯುತ್ತೆ, ತಳದಲ್ಲಿ ಗಾಳಿಯ ದಿಂಬು. ಗಂಟೆಗೆ 480 ಕಿಲೋಮೀಟರ್ ಹಾರುತ್ತೆ ಅಂತ ಲೆಕ್ಕ ಹಾಕಿದ್ದರು."

"ಹಾರಿದ್ದೆಷ್ಟು?"

"56. ಮೂರಡಿ ಎತ್ತರದಲ್ಲಿ."

"ಕುರ್ಚಿ ಹತ್ತಿದರೆ ಅದಕ್ಕಿಂತ ಮೇಲಿರ್ತೀವಲ್ಲೋ!"

"ನಗಬೇಡ, ಕಾರಣ ಕೇಳು. ನೆಲಕ್ಕೆ ಹತ್ತಿರ ಇದ್ದಾಗ ಗಾಳಿ ಅಡಿಯಲ್ಲೇ ಸಿಕ್ಕಿಬಿದ್ದು ಸಮನಾಗಿ ಆತುಕೊಂಡಿರುತ್ತೆ. ಮೂರಡಿ ದಾಟಿದರೆ ದಿಂಬು ಒಡೆದು ಒಂದೊಂದು ಪಕ್ಕದಿಂದ ಸೋರುತ್ತೆ. ಊಟದ ತಟ್ಟೆ ಕೈಜಾರಿ ನೆಲಕ್ಕೆ ಬಿದ್ದಾಗ ಗಿರಗಿರ ಹೊಯ್ದಾಡುತ್ತಲ್ಲ, ಥೇಟ್ ಹಾಗೆ. ತಳದಲ್ಲಿ 52 ತೂತು ಕೊರೆದು ನಡುವಿಂದಲೂ ಗಾಳಿ ಬಿಟ್ಟು ನೋಡಿದರು, ಊಹೂಂ. 1961ಕ್ಕೆ ಕಡತ ಮುಚ್ಚಿತು."

"ಒಟ್ಟಲ್ಲಿ ವಿಚಿತ್ರ ಮಾಡಿದ್ದೆಲ್ಲ ಗೋತಾ," ಅಂದ ಸೀನ.

"ಎಲ್ಲಿ ಗೋತಾ? ಅಮೆರಿಕದ ಪ್ರಯೋಗದ ವಿಮಾನ ಎಕ್ಸ್-29 ನೋಡು. ರೆಕ್ಕೆ ಮುಂದಕ್ಕೆ ಬಾಗಿದ್ದು. ಜರ್ಮನರು 1944ರಲ್ಲೇ ಯುಂಕರ್ಸ್ 287 ಅಂತ ಒಂದು ಹಾರಿಸಿದ್ದರು. ಅದು ಪಕ್ಕಾ ಕೌದಿ ಕಣೋ: ಒಡಲು ಹೈಂಕೆಲ್ 177ರದು, ಬಾಲದ ಬಿಡಿಭಾಗ ಇನ್ನೊಂದರದು, ಮೂತಿಯ ಚಕ್ರ ಬಿದ್ದುಹೋದ ಅಮೆರಿಕನ್ ಬಾಂಬರಿನದು!"

"ಮುಂದಕ್ಕೆ ಬಾಗಿಸಿದರೆ ಏನು ಲಾಭ?"

"ಗಾಳಿ ರೆಕ್ಕೆಯ ಬುಡದ ಕಡೆಗೆ ಹರಿಯುತ್ತೆ, ಹಾಗಾಗಿ ತುದಿ ಕೊನೆಗೆ ಸ್ಟಾಲ್ ಆಗುತ್ತೆ, ಅಂದರೆ ಎತ್ತೋ ಬಲ ಕಳಕೊಳ್ಳುತ್ತೆ. ಮೂತಿ ಎಷ್ಟೇ ಎತ್ತಿದರೂ ಏಲೆರಾನ್, ಅಂದರೆ ವಿಮಾನವನ್ನ ಪಕ್ಕಕ್ಕೆ ವಾಲಿಸೋ ರೆಕ್ಕೆತುದಿಯ ಪಟ್ಟಿ, ಕೈಕೊಡೋಲ್ಲ. ಆದರೆ ಇನ್ನೊಂದು ಪೀಡೆ ಗಂಟು ಬೀಳುತ್ತೆ. ರೆಕ್ಕೆ ಮೇಲಕ್ಕೆ ಬಾಗಿದರೆ ತುದಿಯ ಮುಂಅಂಚೂ ಮೇಲಕ್ಕೆ ತಿರುಚಿಕೊಳ್ಳುತ್ತೆ. ತಿರುಚಿದಷ್ಟೂ ಲಿಫ್ಟ್ (ಮೇಲಕ್ಕೆತ್ತೋ ಬಲ), ಲಿಫ್ಟ್ ಹೆಚ್ಚಿದಷ್ಟೂ ಮತ್ತೆ ತಿರುಚು, ಕೊನೆಗೆ ಲಟಕ್. ಲೋಹದಲ್ಲಿ ಗಟ್ಟಿ ಮಾಡಿದರೆ ವಿಪರೀತ ಭಾರ. ಎಕ್ಸ್-29ರಲ್ಲಿ ಕಾರ್ಬನ್ ನಾರಿನ ಪದರಗಳನ್ನ ಓರೆಯಾಗಿ ಹಾಸಿದರು. ಈಗ ರೆಕ್ಕೆ ಬಾಗಿದರೆ ಮುಂಅಂಚು ಮೇಲೇಳೋ ಬದಲು ಕೆಳಕ್ಕೆ ತಿರುಗುತ್ತೆ. 1984ರ ಡಿಸೆಂಬರಿನಲ್ಲಿ ಹಾರಿತು. ಸ್ವಂತ ಬುದ್ಧಿಗೆ ಬಿಟ್ಟರೆ ಕ್ಷಣದಲ್ಲಿ ಮೂತಿ ಎಗರಿಸೋ ಜಾತಿ. ಕಂಪ್ಯೂಟರುಗಳು ಸೆಕೆಂಡಿಗೆ 40 ಸಲ ತಿದ್ದುತ್ತಾ ಹಿಡಿದಿಡ್ತಿದ್ದವು. ಹಳೇ ಪ್ರಶ್ನೆಗೆ ಬೇಕಾದ ಸಾಮಾನು ಆಮೇಲೆ ಹುಟ್ಟಿತು, ಅಷ್ಟೇ ವ್ಯತ್ಯಾಸ."

"ಹಿಂದಕ್ಕೂ ಬಾಗಿಸಿದರು, ಮುಂದಕ್ಕೂ ಬಾಗಿಸಿದರು," ಸೀನ ಆಕಳಿಸಿದ. "ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಮಾಡೋದೊಂದೇ ಬಾಕಿ."

"ಅದೂ ಆಗಿದೆ. ನಾಸಾದ ಎಡಿ-1, 1979. ಇಡೀ ರೆಕ್ಕೆ ನಡುವಿನ ಒಂದು ಕೀಲಿನ ಮೇಲೆ 60 ಡಿಗ್ರಿವರೆಗೂ ತಿರುಗ್ತಿತ್ತು. ಬಲಗಡೆ ಮುಂದಕ್ಕೆ, ಎಡಗಡೆ ಹಿಂದಕ್ಕೆ. ಏರುವಾಗ, ಇಳಿಯುವಾಗ ನೇರ. ವೇಗ ಹೆಚ್ಚಿದಾಗ ಓರೆ."

ಸೀನನ ಆಕಳಿಕೆ ಅರ್ಧಕ್ಕೇ ನಿಂತಿತು.

"ಪೈಲಟ್ ನೆಟ್ಟಗೆ ಕೂತಿದ್ದನೋ, ಅವನನ್ನೂ ತಿರುಗಿಸಿದ್ದರೋ?"