ಬಿಲ್ಟಿ, ಬಿಲ್ ಆಫ್ ಲೇಡಿಂಗ್: ಎರಡಕ್ಕೂ ‘ಸರಕು ರಸೀದಿ’ ಸಾಕೇ?

ಪ್ರಶ್ನೆ: ನವಿ ಮುಂಬೈಯ ಸಾಗಣೆ ಗುಮಾಸ್ತರಿಗಾಗಿ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಕಳಂಬೋಲಿಯ ಲಾರಿ ಆಫೀಸಿನ ಬಿಲ್ಟಿ (ಎಲ್‌ಆರ್, ಅಂದರೆ ಲಾರಿ ರಸೀದಿ), ರೈಲ್ವೆಯ ಆರ್‌ಆರ್ (ರೈಲ್ವೆ ರಸೀದಿ), ನ್ಹಾವಾ ಶೇವಾ ಬಂದರಿನಲ್ಲಿ ಹಡಗಿನ ಸರಕಿಗೆ ಕೊಡುವ ಬಿಲ್ ಆಫ್ ಲೇಡಿಂಗ್, ವಿಮಾನದ ಸರಕಿಗೆ ಕೊಡುವ ಏರ್‌ವೇ ಬಿಲ್ ಎಲ್ಲಕ್ಕೂ ‘ಸರಕು ರಸೀದಿ’ ಎನ್ನಬಹುದೇ? ಶಿಪ್ಪಿಂಗ್ ಬಿಲ್ಲೂ ಇದೇ ಗುಂಪೇ?

ಉತ್ತರ: ಶಿಪ್ಪಿಂಗ್ ಬಿಲ್ಲನ್ನು ಮೊದಲು ಹೊರಗಿಡಿ. ಅದು ರಫ್ತುದಾರರು ಕಸ್ಟಮ್ಸ್‌ಗೆ ಸಲ್ಲಿಸುವ ಘೋಷಣೆ; ಆಮದಿನಲ್ಲಿ ಅದರ ಜೋಡಿ ಬಿಲ್ ಆಫ್ ಎಂಟ್ರಿ. ‘ರಫ್ತು ಘೋಷಣೆ’, ‘ಆಮದು ಘೋಷಣೆ’ ಎಂದರೆ ಗೊಂದಲವಿಲ್ಲ.

ಉಳಿದ ನಾಲ್ಕೂ ರಸೀದಿಗಳು ಹೌದು, ಆದರೆ ಬಿಲ್ ಆಫ್ ಲೇಡಿಂಗ್ ಬರೀ ರಸೀದಿಯಲ್ಲ. ಸಾಮಾನ್ಯವಾಗಿ 3 ಮೂಲಪ್ರತಿ ಕೊಡುತ್ತಾರೆ. ಮಾಲು ಪಡೆಯುವವರ ಜಾಗದಲ್ಲಿ ‘ಟು ಆರ್ಡರ್’ ಎಂದಿದ್ದರೆ, ಹಿಂಬದಿಗೆ ಸಹಿ ಮಾಡಿ ಕಾಗದ ಕೈಬದಲಾಯಿಸಬಹುದು. ಮಾಲು ಕೇಳುವ ಹಕ್ಕು ಕಾಗದದ ಹಿಂದೆಯೇ ಹೋಗುತ್ತದೆ. ಒಂದು ಮೂಲಪ್ರತಿ ಒಪ್ಪಿಸಿದ ಮೇಲೆ ಶಿಪ್ಪಿಂಗ್ ಲೈನ್ (ಹಡಗು ಕಂಪನಿ) ಡೆಲಿವರಿ ಆರ್ಡರ್, ಅಂದರೆ ಮಾಲು ಬಿಡುವ ಆದೇಶ, ಕೊಡುತ್ತದೆ, ಮಿಕ್ಕ ಎರಡಕ್ಕೆ ಬೆಲೆಯಿಲ್ಲ. ಮೂಲಪ್ರತಿ ಬ್ಯಾಂಕಿನ ಮೂಲಕ ಬಂದಾಗ ಆಮದುದಾರರು ಹಣ ಕಟ್ಟದೆ ಅದು ಅಲ್ಲೇ ಉಳಿದರೆ, ಕಂಟೇನರ್ ಸಿಎಫ್‌ಎಸ್‌ನಲ್ಲಿ (ಬಂದರಿನ ಬಳಿಯ ಕಂಟೇನರ್ ಸರಕು ಕೇಂದ್ರ) ಕೂತು ಗ್ರೌಂಡ್ ರೆಂಟ್ (ಜಾಗದ ಬಾಡಿಗೆ) ಏರುತ್ತದೆ. ಏರ್‌ವೇ ಬಿಲ್ಲಿನಲ್ಲಿ ಈ ಕೈಬದಲಾವಣೆ ನಡೆಯದು, ‘ನಾಟ್ ನೆಗೋಷಿಯಬಲ್’ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ.

1930ರ ಸರಕು ಮಾರಾಟ ಕಾಯ್ದೆ ಸರಕಿನ ಹಕ್ಕುಪತ್ರಗಳನ್ನು (ಮಾಲಿನ ಮೇಲಿನ ಹಕ್ಕು ತೋರುವ ಕಾಗದ) ಹೇಳುವಾಗ ಬಿಲ್ ಆಫ್ ಲೇಡಿಂಗ್, ರೈಲ್ವೆ ರಸೀದಿ ಎರಡನ್ನೂ ಹೆಸರಿಸುತ್ತದೆ. ಬಿಲ್ಟಿಯ ಹೆಸರು ಅಲ್ಲಿಲ್ಲ. ರೈಲ್ವೆ ರಸೀದಿ ಹಕ್ಕುಪತ್ರವೂ ಹೌದು, ಆದರೆ ಕಾಯ್ದೆಯಲ್ಲಿ ಅದರ ಹೆಸರೇ ರಸೀದಿ. ಹಾಗಾಗಿ ‘ಲಾರಿ ರಸೀದಿ’, ‘ರೈಲ್ವೆ ರಸೀದಿ’ ಇರಲಿ. ಬಿಲ್ ಆಫ್ ಲೇಡಿಂಗನ್ನು ಹಾಗೇ ಬಳಸಿ, ಮೊದಲ ಸಲ ಮಾತ್ರ ‘ಹಡಗು ಸರಕಿನ ಹಕ್ಕುಪತ್ರ’ ಎಂದು ವಿವರಿಸಿ. ‘ನೌಭರಣ ಪತ್ರ’ದಂಥ ಪದ ಕೌಂಟರಿನಲ್ಲಿ ಯಾರಿಗೂ ತಿಳಿಯದು.

ಬಿಲ್ಟಿಯ ಬಾಡಿಗೆ ಕಾಲಂ ಕಡೆಗೂ ಗಮನವಿರಲಿ. ‘ಟು ಪೇ’ಯನ್ನು ‘ಪಾವತಿಸಬೇಕು’ ಎಂದರೆ ಯಾರು ಎಂಬುದೇ ಬಿಟ್ಟುಹೋಗುತ್ತದೆ. ‘ಬಾಡಿಗೆ ಮಾಲು ಪಡೆಯುವವರದು’ ಎಂದೇ ಬರೆಯಿರಿ. ‘ಪೇಯ್ಡ್’ ಅಂದರೆ ಕಳಿಸುವವರು ಬುಕಿಂಗ್‌ನಲ್ಲೇ ಕಟ್ಟಿದ್ದಾರೆ, ‘ಟಿಬಿಬಿ’ (ಟು ಬಿ ಬಿಲ್ಡ್) ಅಂದರೆ ಖಾತೆಗೆ ಬರೆದು ಆಮೇಲೆ ಬಿಲ್ ಕಳಿಸುತ್ತಾರೆ. ಪಿಒಡಿ (ಪ್ರೂಫ್ ಆಫ್ ಡೆಲಿವರಿ) ಎಂದರೆ ಮಾಲು ಪಡೆದವರ ಸಹಿ, ಮೊಹರು ಬಿದ್ದ ಪ್ರತಿ. ‘2 ಬಂಡಲ್ ಕಡಿಮೆ’ ಎಂಬ ಷರಾ ಅದರಲ್ಲೇ ಬೀಳಬೇಕು. ಷರಾ ಇಲ್ಲದೆ ಬರೀ ಸಹಿ ಹಾಕಿದರೆ ನಷ್ಟದ ಕ್ಲೇಮು ನಿಲ್ಲುವುದು ಕಷ್ಟ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ನಷ್ಟದ ಲಿಖಿತ ನೋಟಿಸು ಬುಕಿಂಗ್ ದಿನದಿಂದ 180 ದಿನದೊಳಗೆ ಹೋಗಬೇಕು. ಡೆಲಿವರಿ ದಿನದಿಂದ ಎಣಿಸಿದರೆ ತಪ್ಪಾಗುತ್ತದೆ.

ಮಾಲು ಸಾಗಿಸುವಾಗ ಬೇಕಾಗುವ ಇ-ವೇ ಬಿಲ್ ಮಾತ್ರ ಜಿಎಸ್‌ಟಿ ದಾಖಲೆ, ಏರ್‌ವೇ ಬಿಲ್ಲಿನ ನೆಂಟನಲ್ಲ. ದಾರಿಯಲ್ಲಿ ಲಾರಿ ಬದಲಾದರೆ ಇ-ವೇ ಬಿಲ್ಲಿನ ಭಾಗ ಬಿಯಲ್ಲಿ (ವಾಹನದ ವಿವರವಿರುವ ಭಾಗ) ಹೊಸ ಲಾರಿಯ ನಂಬರ್ ಹಾಕದೆ ಮುಂದೆ ಬಿಡಬಾರದು.