ತಂದೆಯವರ ನಂತರ ನಿಂತುಹೋದ ಕಿಸಾನ್ ಸಮ್ಮಾನ್ ಹಣ ತಾಯಿಗೆ ಸಿಗುವುದಿಲ್ಲವೇ?

ಹೊಸನಗರದ ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಪಹಣಿ ತಂದೆಯವರ ಮತ್ತು ಚಿಕ್ಕಪ್ಪನವರ ಹೆಸರಿನಲ್ಲಿ ಜಂಟಿಯಾಗಿದೆ. ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ನಾಲ್ಕು ತಿಂಗಳಿಗೊಮ್ಮೆ ಅವರ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿದ್ದ ಪಿಎಂ ಕಿಸಾನ್ ಸಮ್ಮಾನ್ ಯೋಜನೆಯ 2,000 ರೂಪಾಯಿಯೂ ಅಲ್ಲಿಗೇ ನಿಂತಿತು. ಮಳೆಗಾಲದ ಹೊತ್ತಿಗೆ ಬರುತ್ತಿದ್ದ ಕಂತಿನಲ್ಲಿಯೇ ಕೊಳೆರೋಗದ ಔಷಧಿಗೆ ಮೈಲುತುತ್ತ ತರುತ್ತಿದ್ದೆವಾದ್ದರಿಂದ, ಮೊತ್ತ ಸಣ್ಣದಾದರೂ ಅದರ ಕೊರತೆ ತೋಟದಲ್ಲಿ ಎದ್ದು ಕಾಣುತ್ತಿದೆ. ತಾಯಿಯ ಹೆಸರಿನಲ್ಲಿ ಅರ್ಜಿ ಹಾಕಲು ಹೋದಾಗ, 2019ರ ಫೆಬ್ರವರಿ 1ರ ನಂತರ ಜಮೀನು ಹೆಸರಿಗೆ ಬಂದವರಿಗೆ ಯೋಜನೆ ಅನ್ವಯಿಸುವುದಿಲ್ಲವೆಂದು ಹೇಳಿ ಕಳುಹಿಸಿದರು. ಮದುವೆಯಾಗಿ ಬಂದ ದಿನದಿಂದ ಅದೇ ತೋಟದಲ್ಲಿ ದುಡಿದವರು ಅವರು. ನಿಯಮ ನಿಜಕ್ಕೂ ಹಾಗಿದೆಯೇ?

ತೀರ್ಥಹಳ್ಳಿಯಿಂದ:
ನಿಮಗೆ ಅರ್ಧ ನಿಯಮವನ್ನಷ್ಟೇ ಹೇಳಿದ್ದಾರೆ. ಆ ದಿನಾಂಕದ ನಿರ್ಬಂಧ ಕ್ರಯಕ್ಕೆ ಅಥವಾ ದಾನವಾಗಿ ಪಡೆದ ಜಮೀನಿಗೆ ಅನ್ವಯಿಸುತ್ತದೆಯೇ ಹೊರತು, ಮಾಲೀಕರ ಮರಣದಿಂದ ವಾರಸುದಾರರಿಗೆ ಬಂದ ಜಮೀನಿಗಲ್ಲ. ಆದರೆ ತಾಯಿಯವರ ಹೆಸರು ಪಹಣಿಯಲ್ಲಿ ಬರಲೇಬೇಕು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಕೊಡಿ. ಖಾತೆ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಅವರ ಹೆಸರಿನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ, ಸರ್ವೆ ನಂಬರನ್ನು ಅದಕ್ಕೆ ಜೋಡಿಸಿ, ನಂತರ ಹೊಸದಾಗಿ ನೋಂದಾಯಿಸಬೇಕು. ತಂದೆಯವರ ನೋಂದಣಿ ತಾನಾಗಿ ತಾಯಿಗೆ ವರ್ಗವಾಗುವುದಿಲ್ಲ. ಪಹಣಿ ಜಂಟಿಯಾಗಿದೆಯೆಂದು ಹಿಂಜರಿಯಬೇಡಿ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳನ್ನು ಒಂದು ಕುಟುಂಬವೆಂದು ಎಣಿಸುವುದರಿಂದ ಚಿಕ್ಕಪ್ಪನವರ ಕುಟುಂಬದ ಹಕ್ಕು ಬೇರೆ, ನಿಮ್ಮ ತಾಯಿಯವರದು ಬೇರೆ. ಅಂದಹಾಗೆ, ರಾಜ್ಯ ಸರ್ಕಾರ ಹಿಂದೆ ಸೇರಿಸಿ ಕೊಡುತ್ತಿದ್ದ ವಾರ್ಷಿಕ 4,000 ರೂಪಾಯಿ ಈಗಿಲ್ಲ. ಕೇಂದ್ರದ 6,000 ಮಾತ್ರ.

ಸಾಗರದ ಗೃಹಿಣಿ:
ಈ ಹಣಕ್ಕೆ ಆಧಾರ್ ಮೂಲಕ ಗುರುತು ದೃಢಪಡಿಸುವ ಇ-ಕೆವೈಸಿಯೂ ಬೇಕು, ಅದರ ಬಗ್ಗೆ ನಮ್ಮ ಮನೆಯ ಅನುಭವವನ್ನು ಹೇಳುತ್ತೇನೆ. ನಮ್ಮ ಅತ್ತೆಯವರ ಬೆರಳುಗಳು ಅಡಿಕೆ ಸುಲಿದೂ ಸುಲಿದೂ ಗೆರೆ ಸವೆದು, ಚೊಗರು ಕೂತು ಕಪ್ಪಾಗಿವೆ. ಮೂರು ಬಾರಿ ಬಸ್ಸು ಹತ್ತಿ ಹೋದರೂ ಯಂತ್ರ ಅವರ ಹೆಬ್ಬೆರಳನ್ನು ಗುರುತಿಸಲಿಲ್ಲ. ಮೂರನೆಯ ಸಲ ಅವರು ಹೊರಡುವ ಮೊದಲು ಬಚ್ಚಲಲ್ಲಿ ಕೂತು ಹುಣಸೆಹಣ್ಣು ಹಾಕಿ ಬೆರಳು ತಿಕ್ಕಿಕೊಳ್ಳುತ್ತಿದ್ದುದನ್ನು ಕಂಡು ನನಗೆ ಸಂಕಟವಾಯಿತು. 2023ರಿಂದ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಇ-ಕೆವೈಸಿ ಮಾಡಬಹುದು. ಕೊನೆಗೆ ನಮ್ಮ ಜಗಲಿಯಲ್ಲೇ, ಬೆಳಗಿನ ಬೆಳಕಿನಲ್ಲಿ ಕೂರಿಸಿ ಮುಗಿಸಿದೆವು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಿ.

ಹಿನ್ನೀರಿನ ಕಡೆಯವನು:
ಪೌತಿ ಖಾತೆಯನ್ನು ದಯವಿಟ್ಟು ಮುಂದೂಡಬೇಡಿ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ವೇಳೆಗೆ ಮುಳುಗಡೆಯಿಂದ ಊರು ಬಿಟ್ಟು ಬಂದ ಕುಟುಂಬ ನಮ್ಮದು. ಅಜ್ಜನ ಕಾಲದಿಂದ ಸಾಗುವಳಿ ಮಾಡುತ್ತಿದ್ದರೂ ನಮ್ಮ ಹೆಸರಿಗೆ ಪಹಣಿಯಿಲ್ಲ, ಆದ್ದರಿಂದ ಈ ಹಣದ ಒಂದು ಕಂತೂ ನಮಗೆ ಬಂದಿಲ್ಲ. ಸರ್ಕಾರದ ಲೆಕ್ಕದಲ್ಲಿ ಪಹಣಿಯಿದ್ದವನೇ ರೈತ. ಇದು ಸರಿಯಲ್ಲವೆಂದು ಪ್ರತಿ ಸಭೆಯಲ್ಲೂ ಹೇಳುತ್ತ ಬಂದಿದ್ದೇವೆ, ಇನ್ನೂ ಹೇಳುತ್ತೇವೆ.

ಹೊಸನಗರದ ಬೆಳೆಗಾರ:
ಎಲ್ಲರಿಗೂ ಕೃತಜ್ಞತೆಗಳು. ಮರಣ ಪ್ರಮಾಣಪತ್ರ ಕೈಯಲ್ಲಿದೆ. ವಂಶವೃಕ್ಷದ ಅರ್ಜಿಗೆ ಚಿಕ್ಕಪ್ಪನವರನ್ನೂ ಕರೆದುಕೊಂಡು ಸೋಮವಾರವೇ ನಾಡಕಚೇರಿಗೆ ಹೋಗುತ್ತೇನೆ.