ಕಿರುಚಿತ್ರ ಮುಕ್ಕಾಲು ಮುಗಿದಿದೆ, ಉಳಿದ ಕಾಲು ಭಾಗಕ್ಕೆ ದುಡ್ಡು ಹೇಗೆ ಕೂಡಿಸೋದು?

ಕೇಳಿದವರು: ಕಾಫಿಕಣ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಗೆಳೆಯರು ಸೇರಿ 22 ನಿಮಿಷದ ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ಹೋದ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಒಂಬತ್ತು ದಿನ ಶೂಟಿಂಗ್ ಮಾಡಿದೆವು. ಕೈಯಲ್ಲಿದ್ದ 2.4 ಲಕ್ಷ ಅಲ್ಲಿಗೇ ಮುಗಿಯಿತು. ಒಬ್ಬ ಬೈಕ್ ಮಾರಿದ್ದಾನೆ, ನಾನು ಎರಡು ಚೀಟಿ ಎತ್ತಿದ್ದೇನೆ, ಇನ್ನು ಮನೆಯಲ್ಲಿ ಕೇಳುವ ಹಾಗಿಲ್ಲ.

ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾಕೆ ಇಷ್ಟು ಒದ್ದಾಡುತ್ತಿದ್ದೇವೆ ಅಂತ ಗೊತ್ತಾಗಲ್ಲ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಗಂಡ ಹೆಂಡತಿ, ಅವರಿಗೆ ಎಂಟು ವರ್ಷದ ಮಗಳು. ಕೆಲಸದವರಿಗೆ ತೋಟದಲ್ಲೇ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ವಾಸ, ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಮಗ್ಗಿಯನ್ನು ಕನ್ನಡದಲ್ಲೇ ಹೇಳುತ್ತಾಳೆ, ಕನಸಿನಲ್ಲಿ ಕನ್ನಡ ಮಾತಾಡಿದರೆ ಪಕ್ಕದಲ್ಲಿ ಮಲಗಿದ ಅಮ್ಮನಿಗೆ ಅರ್ಥ ಆಗಲ್ಲ. ಆದರೂ ಬಸ್ಸಿನಲ್ಲಿ, ಅಂಗಡಿಯಲ್ಲಿ, ಜಾತ್ರೆಯಲ್ಲಿ ಎಲ್ಲರೂ ಅವಳನ್ನು ಕೇಳೋದು ಒಂದೇ: "ಯಾವೂರಾಯ್ತು ನಿಂದು?" ನಮ್ಮ ಕಡೆ ಮಾತು ಶುರುವಾಗೋದೇ ಹಾಗೆ, ಅಲ್ವಾ. ಅವಳು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಾ ಹೋಗುತ್ತಾಳೆ. ಅದೇ ಸಿನಿಮಾ. ನನ್ನ ಅಪ್ಪ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಏಳನೇ ಕ್ಲಾಸಿನೊಳಗೆ ನಾನು ನಾಲ್ಕು ಶಾಲೆ ಬದಲಾಯಿಸಿದ್ದೆ. ಆ ಪ್ರಶ್ನೆ ಕೇಳಿದರೆ ನನಗೆ ಈಗಲೂ ಒಂದು ಕ್ಷಣ ಬಾಯಿ ಕಟ್ಟುತ್ತದೆ.

ಇನ್ನು ಉಳಿದಿರೋದು ಶಾಲೆ ಮೈದಾನದ ದೃಶ್ಯ, ಎರಡು ದಿನ, 45 ಸಾವಿರ. ಸೌಂಡ್ ಕೆಲಸ 60 ಸಾವಿರ, ಕಲರ್ 30, ಸಬ್‌ಟೈಟಲ್ ಮತ್ತು ಡಿಸಿಪಿ (ಥಿಯೇಟರಿನಲ್ಲಿ ಹಾಕುವ ಡಿಜಿಟಲ್ ಪ್ರತಿ) 20, ಚಿತ್ರೋತ್ಸವಗಳಿಗೆ ಕಳಿಸೋಕೆ 15. ಒಟ್ಟು 1.7 ಲಕ್ಷ. ಆತುರಕ್ಕೆ ಕಾರಣ ಮಗಳ ಪಾತ್ರ ಮಾಡುತ್ತಿರುವ ಹುಡುಗಿ. ಶೂಟಿಂಗ್ ಮಾಡುವಾಗ ಅವಳ ಮುಂದಿನ ಹಾಲುಹಲ್ಲು ಬಿದ್ದಿತ್ತು, ಈಗ ಹೊಸ ಹಲ್ಲು ಬಂದಿದೆ. ಮೈದಾನದ ದೃಶ್ಯ ಕಥೆಯಲ್ಲಿ ಕೆಲವು ತಿಂಗಳು ಆದಮೇಲೆ ಬರೋದರಿಂದ ಹಲ್ಲು ಸರಿಹೋಗುತ್ತದೆ, ಆದರೆ ಇನ್ನೂ ತಡ ಮಾಡಿದರೆ ಅವಳು ಎತ್ತರ ಆಗಿಬಿಡುತ್ತಾಳೆ.

ಒಬ್ಬರು ಹೋಂಸ್ಟೇ ಮಾಲೀಕರು ಪೂರ್ತಿ ದುಡ್ಡು ಕೊಡುತ್ತೇನೆ ಅಂದಿದ್ದಾರೆ. ಅವರ ಬೋರ್ಡ್ ಎರಡು ಕಡೆ ಕಾಣಬೇಕು, ಲೈನ್ ಮನೆ ಒಳಗಿನ ದೃಶ್ಯಗಳನ್ನು ಕಡಿಮೆ ಮಾಡಬೇಕು ಅಂತ ಕೇಳುತ್ತಿದ್ದಾರೆ. ಮೂರು ದಿನದಿಂದ ನಿದ್ದೆ ಇಲ್ಲ. ಒಪ್ಪಿಕೊಳ್ಳೋದಾ, ಇಲ್ಲ ತುಂಬ ಜನರ ಹತ್ತಿರ ಸ್ವಲ್ಪ ಸ್ವಲ್ಪ ಕೂಡಿಸುವ ಕ್ರೌಡ್‌ಫಂಡಿಂಗ್ ಮಾಡೋದಾ? ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ: ಹೇಮಾವತಿ ದಂಡೆ, ಸಕಲೇಶಪುರ

ನಾನು ಮಾಡಿದ್ದೇನೆ, ಮಾಡಿ ಸೋತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಸೈಟಿನಲ್ಲಿ 4 ಲಕ್ಷದ ಗುರಿ ಇಟ್ಟಿದ್ದೆ. ಗುರಿ ಮುಟ್ಟಿದರೆ ಮಾತ್ರ ದುಡ್ಡು, ಇಲ್ಲದಿದ್ದರೆ ಎಲ್ಲ ವಾಪಸ್ ಅನ್ನುವ ಪದ್ಧತಿ. 1.3 ಲಕ್ಷಕ್ಕೆ ನಿಂತುಹೋಯಿತು. ಅಷ್ಟೂ ವಾಪಸ್ ಹೋಯಿತು.

ಆಮೇಲೆ ಕೂತು ಪಟ್ಟಿ ನೋಡಿದೆ. ಕೊಟ್ಟವರಲ್ಲಿ ಗುರುತಿಲ್ಲದವರು ನಾಲ್ಕೇ ಜನ. ಉಳಿದವರೆಲ್ಲ ನನ್ನ ಕಾಲೇಜು, ನನ್ನ ಊರು, ಅಣ್ಣನ ಆಫೀಸು. ಅಂದರೆ ಸೈಟ್ ಜನರನ್ನು ತಂದುಕೊಡಲ್ಲ, ನೀವು ಕರೆದುಕೊಂಡು ಬಂದವರ ದುಡ್ಡು ಎಣಿಸಿಕೊಡುತ್ತದೆ, ಅದಕ್ಕೆ ಕಮಿಷನ್ ಬೇರೆ. 'ಲೂಸಿಯಾ' ಚಿತ್ರಕ್ಕೆ ಪವನ್ ಕುಮಾರ್ 27 ದಿನದಲ್ಲಿ 110 ಜನರಿಂದ 51 ಲಕ್ಷ ಕೂಡಿಸಿದರು ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ನಿಜ. ಆದರೆ ಅವರಿಗೆ ಮೊದಲೇ ಬ್ಲಾಗ್ ಓದುವ ಜನ ಇದ್ದರು, ಹಿಂದೆ ಒಂದು ಸಿನಿಮಾ ಇತ್ತು, ಮತ್ತೆ ಅದು ಥಿಯೇಟರಿಗೆ ಬರುವ ದೊಡ್ಡ ಚಿತ್ರ. ಕಿರುಚಿತ್ರದಿಂದ ದುಡ್ಡು ವಾಪಸ್ ಬರಲ್ಲ. ಲಾಭದಲ್ಲಿ ಪಾಲು ಅನ್ನುವ ಮಾತನ್ನು ಯಾರ ಹತ್ತಿರವೂ ಆಡಬೇಡಿ.

ನಿಮ್ಮದು 1.7 ಲಕ್ಷ. 340 ಜನ ತಲಾ 500 ಕೊಟ್ಟರೆ ಆಯಿತು. ವಾಟ್ಸ್ಆಪ್‌ನಲ್ಲಿ ಒಂದೇ ಮೆಸೇಜ್ ಎಲ್ಲರಿಗೂ ಕಳಿಸಬೇಡಿ, ನಾನು ಮಾಡಿದ ತಪ್ಪು ಅದು, ನೋಡಿ ಒಂದು ಹಾರ್ಟ್ ಒತ್ತಿ ಸುಮ್ನೆ ಆಗುತ್ತಾರೆ. ಫೋನ್ ಮಾಡಿ. ಐದು ಜನ ಇದ್ದೀರಿ, ದಿನಕ್ಕೆ ಹತ್ತು ಹತ್ತು ಕರೆ. "ಸಿನಿಮಾಗೆ ಸಹಾಯ ಮಾಡಿ" ಅನ್ನೋದಕ್ಕಿಂತ "ಶಾಲೆ ದೃಶ್ಯಕ್ಕೆ 45 ಸಾವಿರ ಬೇಕು, 20 ಆಗಿದೆ" ಅಂದರೆ ಜನ ಬೇಗ ಕೊಡುತ್ತಾರೆ. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೆ ಕಾಣಬೇಕು.

ಕೊಟ್ಟವರಿಗೆ ಕಾಫಿಪುಡಿ ಕಳಿಸೋಣ ಅಂತ ನಿಮಗೂ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಕಾಲು ಕೆಜಿ ಪುಡಿ, ಪ್ಯಾಕಿಂಗ್, ಕೊರಿಯರ್ ಸೇರಿದರೆ 500ರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಗುತ್ತದೆ. ಕೊನೆಯಲ್ಲಿ ಎಲ್ಲರ ಹೆಸರು ಹಾಕಿ, ಸಾಕು.

ಉತ್ತರ: ಲೆಕ್ಕದ ಪುಸ್ತಕ, ಹಾಸನ

ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮೇಲಿನ ಅಕ್ಕ ಹೇಳಿದ್ದೆಲ್ಲ ಸರಿ. ನನ್ನ ಕಡೆಯಿಂದ ಲೆಕ್ಕದ ಮಾತು.

ಈ ಕೆಲಸಕ್ಕೇ ಅಂತ ಪ್ರತ್ಯೇಕ ಬ್ಯಾಂಕ್ ಖಾತೆ ಇಡಿ. ಸಂಬಂಧಿಕರಲ್ಲದವರು ಕೊಟ್ಟ ದುಡ್ಡು ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ದಾಟಿದರೆ ಅದನ್ನು ಪೂರ್ತಿಯಾಗಿ ನಿಮ್ಮ ಆದಾಯ ಅಂತಲೇ ನೋಡುತ್ತಾರೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ. ಇದು ತುಂಬ ಜನಕ್ಕೆ ಗೊತ್ತಿರಲ್ಲ. ಚಿಕ್ಕಪ್ಪ, ಸೋದರಮಾವ ಕೊಟ್ಟದ್ದು ಈ ಲೆಕ್ಕಕ್ಕೆ ಬರಲ್ಲ, ಆದರೆ ಚಿಕ್ಕಪ್ಪನ ಮಗ ಕೊಟ್ಟರೆ ಬರುತ್ತದೆ. ನಿಮ್ಮ ಆದಾಯ ಕಡಿಮೆ ಇದ್ದರೆ ತೆರಿಗೆ ಏನೂ ಬೀಳದೆ ಇರಬಹುದು, ಆದರೂ ರಿಟರ್ನ್ಸ್‌ನಲ್ಲಿ ತೋರಿಸಿ. ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ರಸೀದಿ (80ಜಿ ಅನ್ನುತ್ತಾರೆ) ಕೇಳಿದರೆ ಕೊಡೋಕೆ ಆಗಲ್ಲ ಅಂತ ಮೊದಲೇ ಹೇಳಿಬಿಡಿ, ಅದು ನೋಂದಣಿ ಆದ ಟ್ರಸ್ಟ್‌ಗಳಿಗೆ ಇರೋದು.

ಹೊರದೇಶದಲ್ಲಿ ಇರುವ ಗೆಳೆಯರ ಬಗ್ಗೆ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು ನಮ್ಮ ಊರಿನವರೇ ಆದರೂ ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾಯ್ದೆ ಅಡ್ಡ ಬರುತ್ತದೆ.

ಇನ್ನೊಂದು. ಮಗು ನಟಿಸುತ್ತಿದೆ ಅಂದಿರಿ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮದ ಪ್ರಕಾರ ಅದಕ್ಕೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಿಶ್ರಾಂತಿ ಕೊಡದೆ ಒಂದೇ ಸಮ 3 ಗಂಟೆ ದಾಟುವ ಹಾಗಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇಕಡ 20ರಷ್ಟು ಮಗುವಿನ ಹೆಸರಿನಲ್ಲೇ ಠೇವಣಿ ಇಡಬೇಕು. ನಿಮ್ಮ ಪಟ್ಟಿಯಲ್ಲಿ ಆ ಹುಡುಗಿಯ ಹೆಸರಿಗೆ ಒಂದು ರೂಪಾಯಿಯೂ ಕಾಣಲಿಲ್ಲ. 45 ಸಾವಿರದೊಳಗೆ ಇದ್ದರೆ ಸರಿ, ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ.

ಉತ್ತರ: ಮೇಷ್ಟ್ರು, ಚಿಕ್ಕಮಗಳೂರು

ಮಗೂ, ನಾನು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು. ನಿನ್ನ ಕಥೆಯ ಹುಡುಗಿಯಂಥವರು ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇರುತ್ತಿದ್ದರು. ಮೊದಲು ತಮಿಳು ಮಕ್ಕಳು, ಆಮೇಲೆ ಉತ್ತರ ಕರ್ನಾಟಕದವರು, ಈಗ ಅಸ್ಸಾಮಿನವರು. ಕುಯ್ಲು ಮುಗಿದ ಮೇಲೆ ಒಂದು ಸೋಮವಾರ ಬೆಂಚು ಖಾಲಿ ಇರುತ್ತಿತ್ತು. ಹಾಜರಿ ಕರೆಯುವಾಗ ಅವರ ಹೆಸರು ಬಂದರೆ ಉಳಿದ ಮಕ್ಕಳು "ಊರಿಗೆ ಹೋದ್ರು ಸಾರ್" ಅನ್ನುತ್ತಿದ್ದರು. ಯಾವ ಊರು ಅಂತ ನಾನೂ ಕೇಳಲಿಲ್ಲ.

ಆ ಹೋಂಸ್ಟೇ ದುಡ್ಡು ಬೇಡ. ಬೋರ್ಡ್ ತೋರಿಸೋದು ಅಂಥ ದೊಡ್ಡ ವಿಷಯ ಅಲ್ಲ, ಹಾಲಿನ ಡೇರಿ ಬೋರ್ಡ್ ಕಂಡ ಹಾಗೆ ಅದೂ ಕಾಣಲಿ. ಆದರೆ ಲೈನ್ ಮನೆ ತೆಗೆದರೆ ಆ ಮಗುವಿಗೆ ನಿನ್ನ ಸಿನಿಮಾದಲ್ಲೂ ಮನೆ ಇಲ್ಲದ ಹಾಗೆ ಆಗುತ್ತದೆ.

1976ರಲ್ಲಿ ಶ್ಯಾಮ್ ಬೆನೆಗಲ್ 'ಮಂಥನ್' ಮಾಡಿದಾಗ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟರು. ತಮ್ಮ ಸಿನಿಮಾ ಅಂತ ಲಾರಿ ತುಂಬಾ ಬಂದು ನೋಡಿದರು. ಕಥೆ ಅವರದೇ ಆಗಿತ್ತು, ಅದಕ್ಕೆ ಕೊಟ್ಟರು. ನೀನೂ ಬೆಂಗಳೂರಿನ ಗುರುತಿಲ್ಲದವರನ್ನು ಕೇಳುವ ಮೊದಲು ಊರಿನವರಿಗೆ ಎಂಟು ನಿಮಿಷ ತೋರಿಸು. ಶಾಲೆಯಲ್ಲೇ, ಬಿಳಿ ಪಂಚೆಯನ್ನೇ ಪರದೆ ಮಾಡಿ ಕಟ್ಟಿ. ಹಳೇ ವಿದ್ಯಾರ್ಥಿಗಳನ್ನು ಕರಿ. ಲೈನ್ ಮನೆಯವರನ್ನೂ ಕರಿ, ಅವರನ್ನು ದುಡ್ಡು ಕೇಳಬೇಡ, ಮುಂದಿನ ಸಾಲಿನಲ್ಲಿ ಕೂರಿಸು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದುಡ್ಡು ಕೇಳುವ ವಿಡಿಯೋದಲ್ಲಿ ಆ ಹುಡುಗಿ ಅಳುವ ದೃಶ್ಯ ಹಾಕಬೇಡ. ಅದು ಜಾಸ್ತಿ ದುಡ್ಡು ತರಬಹುದು. ಆದರೆ ಅವಳು ನಾಳೆ ಅದೇ ಶಾಲೆಗೆ ಹೋಗಬೇಕು. ಅವಳು ಮಗ್ಗಿ ಹೇಳುವ ದೃಶ್ಯ ಹಾಕು.

ಮತ್ತೆ ಬರೆದವರು: ಕಾಫಿಕಣ, ಮೂಡಿಗೆರೆ

ಮೇಷ್ಟ್ರೇ, ನಿಮ್ಮ ಖಾಲಿ ಬೆಂಚಿನ ಮಾತು ಓದಿ ತುಂಬ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ಮೈದಾನದ ದೃಶ್ಯಕ್ಕೆ ಮುಂಚೆ ಹಾಜರಿ ಕರೆಯುವ ಒಂದು ಶಾಟ್ ಸೇರಿಸಬಹುದಾ ಅಂತ ಕ್ಯಾಮೆರಾ ಗೆಳೆಯನ ಹತ್ತಿರ ಆಗಲೇ ಮಾತಾಡಿದೆ. ಒಪ್ಪಿದ್ದಾನೆ.

ಹೋಂಸ್ಟೇಯವರಿಗೆ ಇವತ್ತು ಫೋನ್ ಮಾಡಿ ಬೇಡ ಅಂದೆ. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಲೆಕ್ಕದ ಅಣ್ಣ, ಹುಡುಗಿಗೆ ಮೊದಲ ಶೂಟಿಂಗಿನಲ್ಲಿ 8 ಸಾವಿರ ಕೊಟ್ಟಿದ್ದೆವು, ಅಪ್ಪನ ಕೈಗೆ. ಠೇವಣಿಯ ವಿಷಯ ಗೊತ್ತಿರಲಿಲ್ಲ, ಅನುಮತಿಯೂ ತೆಗೆದುಕೊಂಡಿರಲಿಲ್ಲ, ಅದು ನಮ್ಮ ತಪ್ಪು. ಸೋಮವಾರ ಡಿಸಿ ಆಫೀಸಿಗೆ ಹೋಗುತ್ತೇನೆ. ಅವಳ ಹೆಸರಿನಲ್ಲಿ ಖಾತೆ ಮಾಡಿಸೋದೂ ಪಟ್ಟಿಗೆ ಸೇರಿತು, ಗುರಿ ಈಗ 1.8 ಲಕ್ಷ.

ಶಾಲೆಯ ಹೆಡ್‌ಮಾಸ್ಟರ್ ಮುಂದಿನ ಶನಿವಾರ ಸಂಜೆ ಹಾಲ್ ಕೊಡುತ್ತೇನೆ ಅಂದಿದ್ದಾರೆ. ಪ್ರೊಜೆಕ್ಟರ್ ಅವರ ಹತ್ತಿರವೇ ಇದೆ, ಕರೆಂಟ್ ಇದ್ದರೆ ಸಾಕು.

ಸಕಲೇಶಪುರದ ಅಕ್ಕ, ನಿಮ್ಮನ್ನು ಒಂದು ಕೇಳಬೇಕು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು ನಮಗೆ ಸರಿಯಾಗಿ ಸಿಕ್ಕಿಲ್ಲ, ಮಾತಿನ ಮೇಲೆ ಬಿದ್ದಿದೆ. ಈ ಸಲ ಕುಯ್ಲು ಶುರುವಾದಾಗ ನಿಮ್ಮ ಕಡೆ ಯಾರಾದರೂ ತೋಟದವರು ಅರ್ಧ ಗಂಟೆ ರೆಕಾರ್ಡ್ ಮಾಡೋಕೆ ಬಿಡುತ್ತಾರಾ?

ಉತ್ತರ: ಹೇಮಾವತಿ ದಂಡೆ, ಸಕಲೇಶಪುರ

ನಮ್ಮ ತೋಟದಲ್ಲೇ ಮಾಡಿ. ಬೆಳಿಗ್ಗೆ ಬೇಡ, ಸಂಜೆ ಹಣ್ಣು ಅಳತೆ ಆದಮೇಲೆ ಪಲ್ಪರ್ ಹಾಕುತ್ತೇವೆ, ಆಗ ಬನ್ನಿ. ನನ್ನ ಸೋತ ಸಿನಿಮಾದ ಮೈಕ್ ಒಂದು ಹಾಗೇ ಇದೆ, ಚೆನ್ನಾಗಿದೆ, ತೆಗೆದುಕೊಂಡು ಹೋಗಿ. ಶನಿವಾರ ನಾನೂ ಬರುತ್ತೇನೆ.